ವಿಗಾನ್‌ಗೆ ಹೋಗುವುದಾದರೆ ಎರಡು ರಾತ್ರಿ ಉಳಿಯಿರಿ

ಫಿಲಿಪ್ಪೀನ್ಸ್ ಅಂದರೆ ನಮ್ಮವರಿಗೆ ಬೀಚೇ ನೆನಪಾಗುತ್ತದೆ. ಆದರೆ ಉತ್ತರದ ಇಲೋಕೋಸ್ ಸುರ್ ಪ್ರಾಂತ್ಯದಲ್ಲಿ ವಿಗಾನ್ ಅನ್ನುವ ಹಳೆಯ ಊರಿದೆ. ಸ್ಪೇನಿನವರ ಕಾಲದ ಬೀದಿಗಳು ಇಲ್ಲಿ ಇನ್ನೂ ಉಳಿದಿವೆ. 1999ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಬೆಳಿಗ್ಗೆ ವ್ಯಾನಿನಿಂದ ಇಳಿದು, ಕ್ರಿಸೋಲೋಗೋ ಬೀದಿಯಲ್ಲಿ ಫೋಟೋ ತೆಗೆದು ಸಂಜೆಗೆ ಹೊರಡುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ.

2025ರ ಜೂನ್‌ನಿಂದ ಭಾರತೀಯರಿಗೆ ಪ್ರವಾಸಕ್ಕೆ 14 ದಿನ ವೀಸಾ ಬೇಕಿಲ್ಲ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಕೈಯಲ್ಲಿರಲಿ. ಹೊರಡುವ ಮುಂಚೆ ನಿಯಮ ಇನ್ನೊಮ್ಮೆ ನೋಡಿಕೊಳ್ಳಿ. ಮನಿಲಾದಿಂದ ಸುಮಾರು 400 ಕಿ.ಮೀ., ರಾತ್ರಿ ಬಸ್ಸು ಅನುಕೂಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಚೆನ್ನಾಗಿರುತ್ತದೆ. ಜುಲೈನಿಂದ ಅಕ್ಟೋಬರ್ ಚಂಡಮಾರುತದ ಕಾಲ.

ಹಳೆಯ ಮನೆಯನ್ನೇ ವಸತಿಗೃಹ ಮಾಡಿದವರ ಬಳಿ ಉಳಿಯಿರಿ. ಕೆಳಗೆ ಇಟ್ಟಿಗೆ-ಸುಣ್ಣದ ದಪ್ಪ ಗೋಡೆ, ಮೇಲೆ ಮರದ ಮಹಡಿ, ಕಿಟಕಿಗೆ ಗಾಜಿನ ಬದಲು ಬೆಳಕು ಹಾಯುವ ತೆಳ್ಳನೆಯ ಕಪೀಸ್ ಚಿಪ್ಪು. ನೋಡಲು ಎಷ್ಟು ಚಂದವೋ, ಕಾಪಾಡಲು ಅಷ್ಟೇ ಕಷ್ಟ. ಒಂದೊಂದು ಮನೆಗೆ ಹತ್ತಾರು ವಾರಸುದಾರರು. ಕೆಲವರು ಮನಿಲಾದಲ್ಲಿ, ಕೆಲವರು ಅಮೆರಿಕದಲ್ಲಿ. ಮಾಡು ಸೋರಿದರೆ ದುಡ್ಡು ಹಾಕುವವರು ಯಾರು? ಮುಂಭಾಗವನ್ನು ಮನಬಂದಂತೆ ಬದಲಿಸುವ ಹಾಗಿಲ್ಲ. ಅದು ಸರಿಯಾದ ನಿಯಮವೇ. ಆದರೆ ಸುಣ್ಣದ ಗಾರೆ, ಒಳ್ಳೆಯ ಮರ, ಅದನ್ನು ಬಲ್ಲ ಕೆಲಸಗಾರ ಎಲ್ಲವೂ ದುಬಾರಿ. 2022ರ ಜುಲೈ 27ರಂದು ಪಕ್ಕದ ಆಬ್ರಾ ಪ್ರಾಂತ್ಯದಲ್ಲಿ 7.0 ತೀವ್ರತೆಯ ಭೂಕಂಪವಾದಾಗ ಇಲ್ಲಿನ ಹಳೆಯ ಮನೆಗಳಿಗೂ ಪೆಟ್ಟು ಬಿತ್ತು. ಹತ್ತಿರದ ಬಾಂಟಾಯ್ ಗಂಟೆಗೋಪುರದ ಇಟ್ಟಿಗೆಗಳು ಉದುರಿದವು. ಊರು ಪರಂಪರೆಯಾಗಿದ್ದು ಎಲ್ಲರಿಗೂ ಗೊತ್ತು. ಆ ಪರಂಪರೆಯೊಳಗೆ ಬದುಕುವವರ ಖರ್ಚಿನ ಮಾತು ಬಂದಾಗ ಕೇಳುವವರು ಕಡಿಮೆ. ನನಗೆ ಅಲ್ಲಿ ಬಹಳ ಚುಚ್ಚಿದ್ದು ಇದೇ.

ಕ್ರಿಸೋಲೋಗೋ ಬೀದಿಯಲ್ಲಿ ಮನೆಗಳ ಕೆಳ ಅಂತಸ್ತೆಲ್ಲ ಅಂಗಡಿಗಳು. ಎಲ್ಲ ಪ್ರವಾಸಿ ಊರಲ್ಲೂ ಸಿಗುವಂಥ ಕೀಚೈನು, ಟೀಶರ್ಟುಗಳೇ ಕಣ್ಣಿಗೆ ಬೀಳುತ್ತವೆ. ದುಡ್ಡು ಊರಿನ ಕೈಗೇ ಸೇರಲಿ ಅಂದರೆ ಸ್ವಲ್ಪ ಆಚೆ ಹೋಗಬೇಕು. ಟ್ರೈಸಿಕಲ್ (ಬೈಕಿಗೆ ಪಕ್ಕದಲ್ಲಿ ಗಾಡಿ ಜೋಡಿಸಿದ ಬಾಡಿಗೆ ವಾಹನ) ಹತ್ತಿ ಕಮಂಗಾನ್‌ಗೆ ಹೋಗಿ, ಅಲ್ಲಿ ಮಗ್ಗದಲ್ಲಿ ಆಬೆಲ್ ಬಟ್ಟೆ ನೇಯುತ್ತಾರೆ. ನೇಯುವವರ ಬಳಿಯೇ ಕೊಳ್ಳಿ, ಚೌಕಾಸಿ ಬೇಡ. ಪಗ್‌ಬುರ್ನಾಯಾನ್‌ನಲ್ಲಿ ಬುರ್ನಾಯ್ ಜಾಡಿ ಮಾಡುವವರಿದ್ದಾರೆ. ಎಮ್ಮೆಯಿಂದ ಮಣ್ಣು ತುಳಿಸಿ ಹದ ಮಾಡುವ ಪದ್ಧತಿ ಅವರದ್ದು. ಈ ಕೆಲಸ ಕಲಿಯಲು ಹೊಸ ಹುಡುಗರು ಬರಬೇಕಾದರೆ ಅದರಲ್ಲಿ ಸಂಪಾದನೆ ಇರಬೇಕು, ಅಲ್ವಾ?

ಕಲೇಸಾ ಗಾಡಿ ಹತ್ತುವುದಾದರೆ ಬೆಳಿಗ್ಗೆ ಅಥವಾ ಸಂಜೆ ಹತ್ತಿ. ಉರಿಬಿಸಿಲಲ್ಲಿ ಕುದುರೆಗೂ ಕಷ್ಟ, ಗಾಡಿ ಓಡಿಸುವ ಕುಚೇರೋಗೂ ಕಷ್ಟ. ಗಂಟೆಗೆ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ. ಶನಿವಾರ, ಭಾನುವಾರ ಮತ್ತು ಈಸ್ಟರ್ ವಾರ ಬಿಡಿ. ಜನಜಂಗುಳಿಯಲ್ಲಿ ಅಲ್ಲಿನವರ ಜೊತೆ ನಾಲ್ಕು ಮಾತಾಡಲೂ ಆಗುವುದಿಲ್ಲ.

ಸಸ್ಯಾಹಾರಿಗಳು ಎಚ್ಚರ. ತರಕಾರಿ ಪಲ್ಯದಂತೆ ಕಾಣುವ ಪಿನಕ್‌ಬೆಟ್‌ಗೆ ಮೀನನ್ನು ಉಪ್ಪಲ್ಲಿ ಹುಳಿಸಿ ಮಾಡಿದ ಬಾಗೊಂಗ್ ಹಾಕಿರುತ್ತಾರೆ. ಬುರ್ಗೋಸ್ ಪ್ಲಾಜಾದಲ್ಲಿ ಕಣ್ಣೆದುರೇ ಎಂಪನಾಡಾ (ಕಡುಬಿನಂಥ ತಿಂಡಿ) ಕರಿಯುತ್ತಾರೆ. ಮಾಂಸ, ಮೊಟ್ಟೆ ಬಿಟ್ಟು ಬರೀ ಪರಂಗಿಕಾಯಿ ತುಂಬಿಕೊಡಿ ಅಂತ ಕೇಳಿ. ಆದರೆ ಎಣ್ಣೆ ಎಲ್ಲದಕ್ಕೂ ಒಂದೇ, ಅದು ತಿಳಿದಿರಲಿ.