ಐದು ಎಣಿಸಿ ಮಾತಾಡು

ಇಂಗ್ಲಿಷ್ ಮೇಷ್ಟ್ರು ಏಕಾಂಕದ ತರಗತಿಯಲ್ಲಿ ‘ದಿ ವೇಲಿಯಂಟ್’ ಓದಿಸುವಾಗ ಒಂದು ಷರತ್ತು ಹಾಕುತ್ತಿದ್ದರು. ತಂಗಿಯ ಪಾತ್ರದವಳು ಷೇಕ್ಸ್‌ಪಿಯರನ ಎರಡು ಸಾಲು ಹೇಳಿ ನಿಲ್ಲಿಸಿದ ಮೇಲೆ ಕೈದಿಯ ಪಾತ್ರದವನು ಮನಸ್ಸಿನಲ್ಲೇ ಐದು ಎಣಿಸಬೇಕು, ಆಮೇಲೆ ಬಾಯಿ ತೆರೆಯಬೇಕು. ಎರಡಕ್ಕೇ ಮಾತಾಡಿದರೆ ಅವನು ನಿಜವಾಗಿಯೂ ಯಾರೋ ಪರಕೀಯ ಅನ್ನಿಸಿಬಿಡುತ್ತದೆ. ಎಂಟರವರೆಗೆ ತಡೆದರೆ ಇವನೇ ಅಣ್ಣ ಎಂಬ ಗುಟ್ಟು ತಂಗಿಗೇ ತಿಳಿದುಹೋಗುತ್ತದೆ. ಇಡೀ ನಾಟಕ ನಿಂತಿರುವುದು ಆ ಒಂದು ತಡೆಯ ಮೇಲೆ.

ಹಾಲ್‌ವರ್ದಿ ಹಾಲ್ ಮತ್ತು ರಾಬರ್ಟ್ ಮಿಡಲ್‌ಮಾಸ್ ಬರೆದ ಈ ಏಕಾಂಕ ನಡೆಯುವುದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ವೆದರ್ಸ್‌ಫೀಲ್ಡ್ ಸೆರೆಮನೆಯಲ್ಲಿ, ವಾರ್ಡನ್ನನ ಕೋಣೆಯಲ್ಲಿ. ಮಳೆಯ ರಾತ್ರಿ, ಗಂಟೆ ಹನ್ನೊಂದೂವರೆ. ಮರಣದಂಡನೆಗೆ ಕಾದಿರುವವನು ಜೇಮ್ಸ್ ಡೈಕ್ ಎಂಬ ಸುಳ್ಳು ಹೆಸರು ಹೇಳಿಕೊಂಡಿದ್ದಾನೆ. ವರ್ಷಗಳ ಹಿಂದೆ ಮನೆ ಬಿಟ್ಟ ಅಣ್ಣ ಇವನೇ ಇರಬಹುದೇ ಎಂದು ಹುಡುಗಿಯೊಬ್ಬಳು ದೂರದಿಂದ ಬಂದಿದ್ದಾಳೆ. ಚಿಕ್ಕಂದಿನಲ್ಲಿ ಮಲಗುವ ಮುಂಚೆ ಅಣ್ಣತಂಗಿ ರೋಮಿಯೋ ಜೂಲಿಯೆಟ್‌ನ ಬೀಳ್ಕೊಡುಗೆಯ ಸಾಲುಗಳನ್ನು ಹಂಚಿಕೊಂಡು ಹೇಳುತ್ತಿದ್ದರು. ಅವಳು ತನ್ನ ಪಾಲನ್ನು ಹೇಳುತ್ತಾಳೆ. ಅವನು ಗುರುತು ಸಿಗದವನಂತೆ ಕೂರುತ್ತಾನೆ, ನಿನ್ನಣ್ಣ ಯುದ್ಧದಲ್ಲಿ ವೀರನಾಗಿ ಸತ್ತ ಎಂದು ನಂಬಿಸುತ್ತಾನೆ.

ಫಾಕ್ಸ್ ಸಂಸ್ಥೆ ಇದನ್ನು 1929ರಲ್ಲಿ ಟಾಕಿ ಮಾಡಿತು. ನಿರ್ದೇಶಕ ವಿಲಿಯಂ ಕೆ. ಹೊವಾರ್ಡ್. ತಂಗಿ ಮಾರ್ಗರೀಟ್ ಚರ್ಚಿಲ್. ಕೈದಿಯಾಗಿ, ಯೆಹೂದಿಗಳ ಯಿಡ್ಡಿಷ್ ಭಾಷೆಯ ರಂಗಭೂಮಿಯಲ್ಲಿ ಬೆಳೆದ ಪಾಲ್ ಮ್ಯೂನಿ. ಅದು ಅವನ ಮೊದಲ ಚಿತ್ರ, ಮೊದಲ ಚಿತ್ರಕ್ಕೇ ಆಸ್ಕರ್ ನಾಮನಿರ್ದೇಶನ. ಸುಮಾರು ಒಂದು ಗಂಟೆಯ ಚಿತ್ರಕ್ಕಾಗಿ ಕೊಲೆ, ಶರಣಾಗತಿ, ತಾಯಿಯ ಮನೆ ಎಲ್ಲವನ್ನೂ ಆರಂಭದಲ್ಲಿ ಸೇರಿಸಿದ್ದಾರೆ. ಆ ಭಾಗ ಸಡಿಲ. ಅಣ್ಣತಂಗಿ ಎದುರುಬದುರಾಗುವ ಕೋಣೆಗೆ ಬಂದ ಮೇಲೆಯೇ ಚಿತ್ರಕ್ಕೆ ಜೀವ ಬರುವುದು.

ಅದಕ್ಕೆ ಆ ಕಾಲದ ಯಂತ್ರವೂ ಕಾರಣ. ಕ್ಯಾಮೆರಾದ ಕರಕರ ಮೈಕಿಗೆ ಕೇಳದಿರಲೆಂದು ಅದನ್ನು ಮುಚ್ಚಿದ ಗೂಡಿನಲ್ಲಿ ಇಡುತ್ತಿದ್ದ ದಿನಗಳವು. ನಟರು ಮೈಕಿನ ಆಸುಪಾಸು ಬಿಟ್ಟು ಕದಲುವಂತಿಲ್ಲ. ಓಡಾಟದ ಕಥೆಗಳಿಗೆ ಇದು ಸಂಕೋಲೆ. ಇಬ್ಬರು ಕೂತು ಮಾತಾಡುವ ಕಥೆಗೆ ಹೇಳಿ ಮಾಡಿಸಿದ್ದು. ಫಾಕ್ಸ್‌ನ ಮೂವಿಟೋನ್ ಪದ್ಧತಿಯಲ್ಲಿ ಧ್ವನಿ ಬೇರೆ ಗ್ರಾಮಫೋನ್ ತಟ್ಟೆಯಲ್ಲಿರದೆ ಫಿಲ್ಮಿನ ಅಂಚಿನಲ್ಲೇ, ಅಂಗುಲದ ಹತ್ತನೇ ಒಂದು ಪಾಲಿನಷ್ಟು ಅಗಲದ ಪಟ್ಟಿಯಾಗಿ ಇರುತ್ತಿತ್ತು. ದಟ್ಟ, ತೆಳು ಅಡ್ಡಗೆರೆಗಳೇ ಮಾತು. ಫಿಲ್ಮಿನ ವೇಗ ಸೆಕೆಂಡಿಗೆ 24 ಫ್ರೇಮು, ಅಂದರೆ 24 ಬಿಡಿಚಿತ್ರ. ಪಟ್ಟಿಗೆ ಜಾಗ ಬಿಟ್ಟದ್ದರಿಂದ ಚಿತ್ರ ಹೆಚ್ಚುಕಡಿಮೆ ಚೌಕವಾಯಿತು, ಪರದೆಯ ಮೇಲೆ ಮುಖ ದೊಡ್ಡದಾಗಿ ತುಂಬಿತು.

ಆ ಪಟ್ಟಿಯಲ್ಲಿ ಮೌನವೆಂದರೆ ಖಾಲಿಯಲ್ಲ, ಒಂದೇ ಸಮನಾದ ಬೂದುಬಣ್ಣ. ಪಟ್ಟಿಯನ್ನು ಓದುವ ಬೆಳಕು ಅದರೊಳಗಿನ ಬೆಳ್ಳಿಯ ಕಣಗಳನ್ನು ಹಾಯುವಾಗ ಸಣ್ಣಗೆ ‘ಸ್ಸ್’ ಎನ್ನುತ್ತದೆ. ಈ ಸದ್ದನ್ನು ತಗ್ಗಿಸುವ ಉಪಾಯ ಬಂದದ್ದು ಒಂದೆರಡು ವರ್ಷ ಕಳೆದ ಮೇಲೆ. ಹಾಗಾಗಿ ಮ್ಯೂನಿ ಸುಮ್ಮನಿದ್ದಾಗ ಕಿವಿಗೆ ಕೋಣೆಯ ಉಸಿರೇ ಕೇಳಿದ ಹಾಗಿರುತ್ತದೆ.

ಮೌನ ಕೆಡುವುದು ಪ್ರೊಜೆಕ್ಟರಿನ ಬಳಿ ಎಂಬುದು ಕಾಲೇಜಿನ 16 ಎಂಎಂ ಯಂತ್ರದಿಂದ ಕಲಿತ ಪಾಠ. ಅದರಲ್ಲಿ ಧ್ವನಿ ಚಿತ್ರಕ್ಕಿಂತ 26 ಫ್ರೇಮು ಮುಂದಿರುತ್ತದೆ. ಚಿತ್ರದ ಮೇಲೆ ಬೆಳಕು ಬೀಳುವ ಗೇಟಿನ ಕೆಳಗೆ ಫಿಲ್ಮು ಸಡಿಲವಾಗಿ ಬಾಗುವ ಲೂಪು ಚಿಕ್ಕದಾದರೂ ದೊಡ್ಡದಾದರೂ ಆ ಲೆಕ್ಕ ತಪ್ಪುತ್ತದೆ; ಎರಡು ಮೂರು ಫ್ರೇಮಿನ ವ್ಯತ್ಯಾಸವೇ ತುಟಿಯಲ್ಲಿ ಕಾಣುತ್ತದೆ. ಧ್ವನಿ ಓದುವ ಕಡೆ ಇರುವ ಉರುಳೆಗೆ, ಅಂದರೆ ಸೌಂಡ್ ಡ್ರಮ್ಮಿಗೆ, ಫಿಲ್ಮು ಬಿಗಿಯಾಗಿ ಕೂರದಿದ್ದರೆ ದನಿ ನಡುಗುತ್ತದೆ. ಧ್ವನಿಪಟ್ಟಿಗೆ ಬೆಳಕು ಹಾಯಿಸುವ ಸೌಂಡ್ ಲೆನ್ಸಿನ ಮೇಲೆ ದೂಳು ಕೂತರೆ ‘ಸ’, ‘ಶ’ ಮಸುಕಾಗುತ್ತವೆ, ಮಾತು ಕಂಬಳಿಯೊಳಗಿಂದ ಬಂದಂತಿರುತ್ತದೆ. ಫಿಲ್ಮಿನ ತುಂಡುಗಳನ್ನು ಅಂಟಿಸಿದ ಬೆಸುಗೆ ಹಾದಾಗ ‘ಠಪ್’ ಎನ್ನದಿರಲು ಧ್ವನಿಪಟ್ಟಿಯ ಮೇಲೆ ಕಪ್ಪು ಶಾಯಿಯ ಪುಟ್ಟ ತ್ರಿಕೋನ ಬಳಿಯಬೇಕು. ಎಲ್ಲಕ್ಕಿಂತ ದೊಡ್ಡ ತಪ್ಪು, ಮಾತು ನಿಂತಾಗ ದನಿ ಹೋಯಿತೆಂದು ಗಾಬರಿಯಾಗಿ ವಾಲ್ಯೂಮ್ ಏರಿಸುವುದು. ‘ಸ್ಸ್’ ಭೋರೆನ್ನುತ್ತದೆ, ಮುಂದಿನ ಮಾತು ಕಿವಿಗೆ ಬಡಿಯುತ್ತದೆ, ಐದು ಎಣಿಸಿದ ಮೌನ ಹಾಳಾಗುತ್ತದೆ.

ಅಮೆರಿಕದಲ್ಲಿ 1929ರ ಚಿತ್ರಗಳ ಹಕ್ಕುಸ್ವಾಮ್ಯ 2025ರ ಆರಂಭಕ್ಕೆ ಮುಗಿದಿದೆ. ಈಗಿನ ವಿದ್ಯಾರ್ಥಿಗಳು ನೋಡುವಾಗ ದಯವಿಟ್ಟು ‘ಸ್ಸ್’ ಅನ್ನು ಪೂರ್ತಿ ಒರೆಸಿದ ಪ್ರತಿಯನ್ನು ಆರಿಸಬೇಡಿ. ಒರೆಸುವಾಗ ಉಸಿರಾಟವೂ ಹೋಗಿಬಿಡುತ್ತದೆ.

ನಾಟಕದ ಹೆಸರು ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ ಮಾತಿನಿಂದ ಬಂದದ್ದು. ಹೇಡಿಗಳು ಸಾಯುವ ಮುನ್ನವೇ ಎಷ್ಟೋ ಸಲ ಸಾಯುತ್ತಾರೆ, ಧೀರನಿಗೆ ಸಾವಿನ ರುಚಿ ಒಂದೇ ಸಲ. ಅದನ್ನು ಹೇಳುವುದಕ್ಕೂ ಮೊದಲು, ತಂಗಿ ಹೊರಟುಹೋದ ಮೇಲೆ, ಡೈಕ್ ಅವಳಿಗೆ ಕೊಡದೆ ಉಳಿಸಿಕೊಂಡಿದ್ದ ಮರುಸಾಲನ್ನು ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಾನೆ: ನಿನ್ನ ಕಣ್ಣಿಗೆ ನಿದ್ದೆ ಇರಲಿ, ಎದೆಗೆ ನೆಮ್ಮದಿ ಇರಲಿ. ಆ ಸಾಲಿಗೆ ಮೇಷ್ಟ್ರು ಎಣಿಕೆ ಇಟ್ಟಿರಲಿಲ್ಲ. ಬಾಗಿಲು ಮುಚ್ಚಿದ ಸದ್ದು ಪೂರ್ತಿ ಅಡಗಲಿ, ಆಮೇಲೆ ಹೇಳು ಎನ್ನುತ್ತಿದ್ದರು.