ಕಾಲು ಅಲ್ಲಾಡಿಸಿದ್ದು ಯಾರು?

ಈ ಸೋಮವಾರ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಒಂದು ಸಣ್ಣ ವಿಡಿಯೊ ಬಂತು. ಐಸಿಯುವಿನಲ್ಲಿರುವ ಸೋದರಮಾವನ ತೊಡೆ ಬಿಗಿಯಾಗುತ್ತದೆ, ಮೊಣಕಾಲಿನ ಚಿಪ್ಪು ತುಸು ಮೇಲಕ್ಕೆ ಸರಿಯುತ್ತದೆ, ಹಿಮ್ಮಡಿ ಹಾಸಿಗೆಯಿಂದ ಕೂದಲೆಳೆಯಷ್ಟು ಏಳುತ್ತದೆ, ಮತ್ತೆ ಎಲ್ಲವೂ ಸಡಿಲವಾಗುತ್ತದೆ. ‘ಮಾವ ಕಾಲು ಅಲ್ಲಾಡಿಸಿದರು’ ಎಂಬುದು ಒಕ್ಕಣೆ. ನೋಡನೋಡುತ್ತಿದ್ದಂತೆ ಕೈಮುಗಿಯುವ ಚಿತ್ರಗಳೂ ರಾಘವೇಂದ್ರಸ್ವಾಮಿಗಳ ಪಟವೂ ಬಂದವು. ಹರಕೆ ತೀರಿಸಲು ಮಂತ್ರಾಲಯಕ್ಕೆ ಹೋಗುವ ದಿನದ ಚರ್ಚೆಯೂ ಆರಂಭವಾಯಿತು. ಸ್ನಾಯುವಿಗೆ ಕರೆಂಟು ಕೊಡಲು ತೊಡೆಗೆ ಅಂಟಿಸಿದ್ದ ಪ್ಯಾಡುಗಳಾಗಲಿ, ಅವುಗಳಿಂದ ಹೊರಟ ತಂತಿಗಳಾಗಲಿ ವಿಡಿಯೊದಲ್ಲಿ ಕಾಣುವುದಿಲ್ಲ. ಫೋನು ಹಿಡಿದವನು ನನ್ನ ಚಿಕ್ಕಮ್ಮನ ಮಗ. ಕೆಟ್ಟವನೇನಲ್ಲ, ಆದರೆ ಒಳ್ಳೆಯ ಸುದ್ದಿಯನ್ನು ಎಲ್ಲರಿಗಿಂತ ಮೊದಲು ತಾನೇ ಹೇಳಬೇಕೆಂಬ ಚಪಲ ಅವನಿಗೆ ಚಿಕ್ಕಂದಿನಿಂದಲೂ ಇದೆ.

ಅವನು ಕತ್ತರಿಸಿ ತೆಗೆದ ಮಾತೊಂದು ನನ್ನ ಕಿವಿಯಲ್ಲಿ ಉಳಿದುಬಿಟ್ಟಿದೆ. ಹಾಸಿಗೆಯ ಆಚೆ ಬದಿಯಲ್ಲಿ ನಿಂತಿದ್ದ ಅತ್ತೆ ಫಿಸಿಯೋಥೆರಪಿಸ್ಟ್ ಹುಡುಗಿಯನ್ನು ಕೇಳಿದ್ದರು: ‘ಏನಮ್ಮ, ಇದು ಇವರು ಅಲ್ಲಾಡಿಸಿದ್ದೋ, ನಿನ್ನ ಮಷೀನು ಅಲ್ಲಾಡಿಸಿದ್ದೋ?’

ಆಕೆ ಗುಂಡಿಯಿಂದ ಕೈ ತೆಗೆಯದೆ ಹೇಳಿದಳು: ‘ಮಷೀನೇ ಅಮ್ಮ. ಅವರಾಗಿ ಅಲ್ಲಾಡಿಸಿದ ದಿನ ನಾನೇ ಕರೆದು ತೋರಿಸ್ತೀನಿ.’

ಮಾವನಿಗೆ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ಕಾಯಿಲೆ, ಹಳೆಯದು. ಅದರ ಮೇಲೆ ನ್ಯುಮೋನಿಯಾ ಬಂದು, ಬಾಯಿಯಿಂದ ಹಾಕಿದ್ದ ನಳಿಕೆಯ ಬದಲು ಕುತ್ತಿಗೆಯಲ್ಲಿ ಟ್ರಾಕಿಯಾಸ್ಟಮಿಯಾಗಿ, ವೆಂಟಿಲೇಟರಿನ ಮೇಲೆ ತಿಂಗಳು ದಾಟಿದೆ. ಸೋಂಕು ಇಳಿದಿದೆ, ಎಕ್ಸ್‌ರೇ ಸುಧಾರಿಸಿದೆ. ಆದರೂ ವೆಂಟಿಲೇಟರ್ ಬಿಡಿಸಲು ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಮೇಲುಸಿರು ಬರುತ್ತದೆ. ನೆಂಟರು ಶ್ವಾಸಕೋಶವನ್ನೇ ಬೈಯುತ್ತಾರೆ, ಸ್ನಾಯುಗಳ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಮಿದುಳು ನಿಷ್ಕ್ರಿಯವಾಗಿ 18ರಿಂದ 69 ಗಂಟೆಗಳಷ್ಟೇ ವೆಂಟಿಲೇಟರಿನಲ್ಲಿದ್ದ ಅಂಗದಾನಿಗಳ ವಪೆಯನ್ನು, ಅಂದರೆ ಉಸಿರಾಟದ ಮುಖ್ಯ ಸ್ನಾಯುವನ್ನು, ಅಮೆರಿಕದ ವೈದ್ಯರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆ ಸ್ನಾಯುವಿನ ಎಳೆಗಳ ಗಾತ್ರ ಮಾಮೂಲಿನ ಅರ್ಧಕ್ಕೂ ಕೆಳಗಿಳಿದಿತ್ತು. 2013ರಲ್ಲಿ ಲಂಡನ್ನಿನ ಐಸಿಯು ರೋಗಿಗಳ ತೊಡೆಯ ಮುಂಭಾಗದ ಸ್ನಾಯುವನ್ನು ಅಲ್ಟ್ರಾಸೌಂಡಿನಲ್ಲಿ ಅಳೆದವರಿಗೆ, ಅದು ಹತ್ತೇ ದಿನಗಳಲ್ಲಿ ಸರಾಸರಿ ಶೇ. 17ಕ್ಕೂ ಹೆಚ್ಚು ಸವೆದದ್ದು ಕಂಡಿತು. ಮಾವನ ಪಂಚೆಯೊಳಗಿನ ಗಟ್ಟಿ ತೊಡೆಗಳನ್ನು ನೋಡಿ ಬೆಳೆದ ನನಗೆ ಈ ಅಂಕಿಗಳನ್ನು ಯಾರೂ ವಿವರಿಸಬೇಕಾಗಿಲ್ಲ.

ಸವೆತವನ್ನು ತಡೆಯಲೆಂದೇ ಈ ಕರೆಂಟು. ತೊಡೆಯ ಮೇಲೆ ಅಂಟಿಸಿದ ಪ್ಯಾಡುಗಳ ಮೂಲಕ ಸೆಕೆಂಡಿಗೆ ಮೂವತ್ತರಿಂದ ಐವತ್ತು ಬಾರಿ ಕಿರು ಮಿಡಿತಗಳು ಹೋಗುತ್ತವೆ. ಕೆಲವು ಸೆಕೆಂಡು ಸ್ನಾಯು ಬಿಗಿಯುತ್ತದೆ, ಅದಕ್ಕಿಂತ ಹೆಚ್ಚು ಹೊತ್ತು ವಿಶ್ರಮಿಸುತ್ತದೆ, ಹೀಗೆ ಅರ್ಧ ಗಂಟೆಯೋ ಒಂದು ಗಂಟೆಯೋ ನಡೆಯುತ್ತದೆ. ಮಿಡಿತ ಮುಟ್ಟುವುದು ಪ್ಯಾಡಿನ ಕೆಳಗಿರುವ ನರದ ಕವಲುಗಳನ್ನು. ಮಿದುಳಿನ ಅಪ್ಪಣೆಗೆ ಅದು ಕಾಯುವುದಿಲ್ಲ. ನಾವಾಗಿ ಕಾಲೆತ್ತುವಾಗ ಸ್ನಾಯುವಿನ ಎಳೆಗಳು ಸರದಿಯಲ್ಲಿ ದುಡಿಯುತ್ತವೆ. ಕರೆಂಟು ಮಾತ್ರ ತನಗೆ ಸಿಕ್ಕ ಎಳೆಗಳನ್ನೇ ಒಟ್ಟಿಗೆ ಮತ್ತೆ ಮತ್ತೆ ದುಡಿಸುವುದರಿಂದ ಸ್ನಾಯು ಬೇಗ ದಣಿಯುತ್ತದೆ. ಮಂಪರಿನಲ್ಲಿರುವ ರೋಗಿಯ ತೊಡೆಯೂ ಅಷ್ಟೇ ಚೆನ್ನಾಗಿ ಬಿಗಿಯುತ್ತದೆ. ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಜಿಗಿಯುವುದನ್ನು ವಿವರಿಸಿ ಬರೆದದ್ದು 1791ರಲ್ಲಿ. ಗುಂಪಿನಲ್ಲಿ ಅಭಿನಂದನೆಗಳು ಬಂದು ಬೀಳುತ್ತಿದ್ದಾಗ ನನಗೆ ನೆನಪಾದದ್ದು ಆ ಕಪ್ಪೆ, ಯಾರಿಗೂ ಹೇಳಲಿಲ್ಲ.

ಹಾಗೆಂದು ಆ ಅಲುಗಾಟಕ್ಕೆ ಅರ್ಥವೇ ಇಲ್ಲವೆಂದಲ್ಲ. ದೀರ್ಘಕಾಲ ಐಸಿಯುವಿನಲ್ಲಿರುವ ಕೆಲವರಿಗೆ ಸ್ನಾಯುವಿನ ಜೊತೆ ನರಗಳೂ ಕೆಡುತ್ತವೆ; ಕೆನಡಾದ ವೈದ್ಯರು ಈ ನರದೌರ್ಬಲ್ಯವನ್ನು 1984ರಲ್ಲೇ ಗುರುತಿಸಿದ್ದರು. ನರವೇ ಸತ್ತಿದ್ದರೆ ಇಷ್ಟು ಕಿರಿದಾದ ಮಿಡಿತಗಳಿಗೆ ತೊಡೆ ಮಿಸುಕುವುದಿಲ್ಲ. ಮಾವನ ತೊಡೆಯಲ್ಲಿ ನರದಿಂದ ಸ್ನಾಯುವಿಗೆ ಹೋಗುವ ಕೊನೆಯ ದಾರಿ ಇನ್ನೂ ತೆರೆದಿದೆ ಎಂಬ ಸುದ್ದಿ ಆ ವಿಡಿಯೊದಲ್ಲಿ ನಿಜವಾಗಿಯೂ ಇತ್ತು. ಅದನ್ನು ಹಾಗೆಯೇ ಹೇಳಿದ್ದರೂ ಸಂತೋಷಪಡಬಹುದಿತ್ತು. ಆದರೆ ನಮ್ಮ ಮನೆಯವರಿಗೆ ಸಣ್ಣ ಒಳ್ಳೆಯ ಸುದ್ದಿ ಸಾಲದು, ಪವಾಡವೇ ಆಗಬೇಕು.

ಮರುದಿನ ವಿದೇಶದಲ್ಲಿರುವ ಮಾವನ ಮಗ ಫೋನು ಮಾಡಿ, ದಿನಕ್ಕೆ ಒಂದು ಸಲದ ಬದಲು ನಾಲ್ಕು ಸಲ ಕರೆಂಟು ಕೊಡಿಸಿ, ಹಣದ ಚಿಂತೆ ಬೇಡ ಎಂದ. ದೂರದಲ್ಲಿರುವ ಮಕ್ಕಳ ಸಂಕಟ ಹಣದ ರೂಪದಲ್ಲೇ ಹೊರಬೀಳುತ್ತದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈ ಚಿಕಿತ್ಸೆಯ ಫಲ ಅಷ್ಟು ಸರಳವಾಗಿಲ್ಲ. ಮಾವನಂತೆಯೇ ಸಿಒಪಿಡಿಯಿಂದ ಹಾಸಿಗೆ ಹಿಡಿದು ವೆಂಟಿಲೇಟರಿನಲ್ಲಿದ್ದ 24 ಮಂದಿಯ ಮೇಲೆ ಇಟಲಿಯಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಾಯಾಮದ ಜೊತೆಗೆ ಕರೆಂಟನ್ನೂ ಪಡೆದವರು ಹಾಸಿಗೆಯಿಂದ ಕುರ್ಚಿಗೆ ಬರಲು ಸರಾಸರಿ ಹನ್ನೊಂದು ದಿನ ಹಿಡಿಯಿತು, ವ್ಯಾಯಾಮವನ್ನಷ್ಟೇ ಮಾಡಿದವರಿಗೆ ಹದಿನಾಲ್ಕು ದಿನ. ಆಮೇಲಿನ ಅಧ್ಯಯನಗಳಲ್ಲಿ ಕೆಲವು ಸ್ನಾಯು ಉಳಿಯಿತೆಂದವು, ಕೆಲವು ಹೇಳಿಕೊಳ್ಳುವಂಥ ವ್ಯತ್ಯಾಸವನ್ನೇ ಕಾಣಲಿಲ್ಲ. ಮೈ ಊದಿಕೊಂಡಿದ್ದರೆ ಮಿಡಿತ ಸ್ನಾಯುವನ್ನು ಸರಿಯಾಗಿ ತಲುಪುವುದಿಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅಥವಾ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತೊಡೆಗೆ ಕೊಟ್ಟ ಕರೆಂಟು ವಪೆಯನ್ನು ದುಡಿಸುವುದಿಲ್ಲ. ವೆಂಟಿಲೇಟರ್ ಬಿಟ್ಟ ಮೇಲೆ ಎದ್ದು ನಿಲ್ಲಲು ಕಾಲಿನಲ್ಲಿ ಏನಾದರೂ ಉಳಿದಿರಲಿ ಎಂಬುದು ಇದರ ಉದ್ದೇಶ.

ವಾರವಿಡೀ ನಮಗೆ ಬಗೆಬಗೆಯ ಉತ್ತರಗಳು ಸಿಕ್ಕಿವೆ. ಹಿರಿಯ ವೈದ್ಯರ ‘ನೋಡೋಣ’, ಬಿಲ್ಲಿಂಗ್ ಕೌಂಟರಿನವರ ‘ಅಪ್ರೂವಲ್ ಬರಬೇಕು’, ನೆಂಟರ ‘ಎಲ್ಲ ಒಳ್ಳೆಯದಾಗುತ್ತೆ’. ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟವಳು ಆ ಹುಡುಗಿಯೊಬ್ಬಳೇ, ಮತ್ತು ನಮ್ಮ ಮನೆಯವರ ಬಾಯಲ್ಲಿ ಆಕೆ ಇಂದಿಗೂ ‘ಕರೆಂಟು ಕೊಡೋಳು’. ‘ಮಷೀನೇ’ ಎಂಬ ಮಾತನ್ನು ಅವಳು ಮೆತ್ತಗೆ ಮಾಡಲಿಲ್ಲ, ಅದರ ಹಿಂದೆಯೇ ಒಂದು ಭರವಸೆಯನ್ನು ಕೊಟ್ಟಳು, ಆ ಭರವಸೆಗೂ ದಿನಾಂಕ ಹಾಕಲಿಲ್ಲ. ಐವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗಂಡನ ಕಾಲು ತಾನಾಗಿ ಮಿಸುಕುವುದಕ್ಕೂ ಮಿಸುಕಿಸಲ್ಪಡುವುದಕ್ಕೂ ಇರುವ ವ್ಯತ್ಯಾಸ ತಿಳಿದೀತೆಂದು ಅವಳೊಬ್ಬಳು ನಂಬಿದ್ದಳು. ನಾವೆಲ್ಲ ಅತ್ತೆಯನ್ನು ಧೈರ್ಯಗೆಡದಂತೆ ಕಾಯಬೇಕಾದ ಮಗುವೆಂದುಕೊಂಡಿದ್ದೆವು.

ಮಂಪರು ಔಷಧಿ ನಿಲ್ಲಿಸಿದ ಮೇಲೆ ಬೆಳಗಿನ ಹೊತ್ತು ಮಾವ ಕಣ್ಣು ತೆರೆದು ನೋಡುತ್ತಾರೆ. ಆಗ ಫಿಸಿಯೋ ಅವರ ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಪಾದಗಳ ಬಲವನ್ನು ಎರಡೂ ಬದಿಗಳಲ್ಲಿ ನೋಡಿ ಅಂಕ ಹಾಕುತ್ತಾಳೆ. ಒಟ್ಟು ಅರವತ್ತು, ನಲವತ್ತೆಂಟಕ್ಕಿಂತ ಕಡಿಮೆಯಾದರೆ ಐಸಿಯುವಿನಿಂದ ಬಂದ ದೌರ್ಬಲ್ಯವೆಂದು ಲೆಕ್ಕ. ಮಾವ ಇನ್ನೂ ಬಹಳ ಕೆಳಗಿದ್ದಾರೆ. ‘ಸರ್, ಮೊಣಕಾಲು ನೇರ ಮಾಡಿ’ ಎಂದು ಆಕೆ ಜೋರಾಗಿ ಹೇಳಿ, ಸಾಕಷ್ಟು ಹೊತ್ತು ಕಾದು, ಮುಂದಿನ ಕೀಲಿಗೆ ಹೋಗುತ್ತಾಳೆ. ಬುಧವಾರ ಅತ್ತೆ ನರ್ಸಿಂಗ್ ಇನ್‌ಚಾರ್ಜ್ ಅವರ ಬಳಿ ಹೋಗಿ, ಸಂಜೆ ಕರೆಂಟು ಕೊಡುವ ಹೊತ್ತಿಗೆ ಸಿಗುತ್ತಿದ್ದ ತಮ್ಮ ಭೇಟಿಯ ಸಮಯವನ್ನು ಬೆಳಗಿನ ಈ ಪರೀಕ್ಷೆಯ ಹೊತ್ತಿಗೆ ಬದಲಾಯಿಸಿಕೊಂಡು ಬಂದರು. ಸಂಜೆಯ ಪಾಸನ್ನು ವಿಡಿಯೊ ಮಾಡಿದವನಿಗೇ ಕೊಟ್ಟರು.