ಮಾದರಿ ರೈಲು ಕಟ್ಟುವವರಿಗೆ ಮಂಗಳೂರು–ಉಡುಪಿ ಪ್ರವಾಸ

ದುಡ್ಡಿದ್ದರೆ ಎಂಜಿನ್ನನ್ನು ತರಿಸಿಕೊಳ್ಳಬಹುದು. ಹಳಿ, ಪಾಯಿಂಟ್ (ಹಳಿ ಕವಲಾಗುವ ಜೋಡಣೆ), ಕಂಟ್ರೋಲರ್ ಎಲ್ಲವೂ ಡಬ್ಬದಲ್ಲಿ ಬರುತ್ತವೆ. ಆದರೆ ಹಳಿಯ ಪಕ್ಕದ ಕೆಂಪು ಮುರಕಲ್ಲಿನ ಬರೆ (ಹಳಿಗಾಗಿ ಕಡಿದ ಗುಡ್ಡದ ಬದಿ), ಪಾಚಿ ಹಿಡಿದು ಕಪ್ಪಾದ ಹೆಂಚಿನ ಮಾಡು, ಅಡಿಕೆ ತೋಟಕ್ಕೆ ಅಂಟಿಕೊಂಡ ಪುಟ್ಟ ನಿಲ್ದಾಣ ಯಾವ ಕಂಪನಿಯ ಡಬ್ಬದಲ್ಲೂ ಇಲ್ಲ. ಅದನ್ನು ಕಣ್ಣಾರೆ ನೋಡಿ, ಅಂದಾಜು ಅಳತೆ ಹಿಡಿದು, ನಾವೇ ಕೂತು ಮಾಡಬೇಕು. ನಾನು ಮತ್ತು ಭಾವ ಬೆಂಗಳೂರಿನಿಂದ ಮಂಗಳೂರಿಗೆ ಹೋದದ್ದು ಈ ಕೆಲಸಕ್ಕೇ. ದೇವಸ್ಥಾನ, ಬೀಚು ಎಲ್ಲ ಆಮೇಲಿನ ಮಾತು (ಅಕ್ಕ ಇದನ್ನು ಇನ್ನೂ ಒಪ್ಪಿಲ್ಲ).

ಮೈಸೂರಿನ ರೈಲ್ವೆ ಸಂಗ್ರಹಾಲಯದಂಥದ್ದು ಕಾಣಸಿಗುತ್ತದೆಂದು ಈ ಪ್ರವಾಸ ಹೊರಡಬೇಡಿ. ಇಲ್ಲಿನ ಚರಿತ್ರೆಯೆಲ್ಲ ಓಡುವ ಹಳಿಯಲ್ಲೇ ಇದೆ. ಮದ್ರಾಸಿನಿಂದ ಕೇರಳದ ಕರಾವಳಿ ಹಿಡಿದು ಬಂದ ಹಳಿ 1907ರಲ್ಲಿ ಮಂಗಳೂರು ಮುಟ್ಟಿತು. ಹಾಸನದಿಂದ ಘಟ್ಟ ಇಳಿದ ಮೀಟರ್‌ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರದ ಮಾರ್ಗ) 1979ರಲ್ಲಿ ಪೂರ್ಣಗೊಂಡಿತು. ಕೊಂಕಣ ರೈಲ್ವೆಯ ಮಂಗಳೂರು–ಉಡುಪಿ ತುಂಡಿನಲ್ಲಿ 1993ರ ಮಾರ್ಚಿನಲ್ಲಿ ಪ್ರಯಾಣಿಕರ ಗಾಡಿ ಓಡಿತು. ಇಡೀ ಮಾರ್ಗ ತೆರೆದುಕೊಂಡದ್ದು 1998ರ ಜನವರಿ 26ರಂದು. ಹೀಗೆ ಮೂರು ಕಾಲದ ಮೂರು ಕಟ್ಟುವಿಕೆ ಒಂದೇ ಊರಲ್ಲಿ ಕೂಡುತ್ತವೆ. ನಿಮ್ಮ ಲೇಔಟ್ (ಮೇಜಿನ ಮೇಲೆ ಕಟ್ಟುವ ಮಾದರಿ ಹಳಿ ಮತ್ತು ಅದರ ಸುತ್ತಲಿನ ನೋಟ) ಯಾವ ಕಾಲದ್ದು ಎಂದು ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಿ. ಇಲ್ಲದಿದ್ದರೆ ಫೋಟೊ ರಾಶಿ ಬೀಳುತ್ತದೆ, ಕೆಲಸಕ್ಕೆ ಬರುವುದು ನಾಲ್ಕೋ ಐದೋ.

ಹೋಗುವಾಗ ಯಶವಂತಪುರದಿಂದ ಹಗಲು ಹೊರಡುವ ಗಾಡಿಯನ್ನೇ ಹಿಡಿಯಿರಿ. ರಾತ್ರಿ ಗಾಡಿಯಲ್ಲಿ ಘಟ್ಟ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಹಗಲು ಗಾಡಿಗೆ 2021ರಿಂದ ವಿಸ್ಟಾಡೋಮ್ ಬೋಗಿಗಳಿವೆ. ದರ ಜಾಸ್ತಿ, ಆದರೆ ಗಾಜಿನ ಕಿಟಕಿ ದೊಡ್ಡದು, ಎಡ ಬಲ ಎರಡೂ ಕಾಣುತ್ತದೆ. ಬರಿಯ ಫೋಟೊಗೆ ಹೋಗುವವರಿಗೆ ನನ್ನ ಮತ ಮಾಮೂಲಿ ಬೋಗಿಯ ತೆರೆದ ಕಿಟಕಿಗೇ. ಗಾಜಿನಲ್ಲಿ ಪ್ರತಿಬಿಂಬ ಬಿದ್ದು ಸುರಂಗದ ಬಾಯಿಯ ಕಲ್ಲುಗಳೇ ಕಾಣುವುದಿಲ್ಲ.

ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ಗಳಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಇಳಿಜಾರು 50ಕ್ಕೆ 1. ನಮಗೆ ಬಹಳ ಬೇಕಾದ ಸಂಖ್ಯೆ ಈ ಕೊನೆಯದು. 50ಕ್ಕೆ 1 ಅಂದರೆ ಮೇಜಿನ ಮೇಲೆ ಒಂದು ಮೀಟರಿಗೆ ಎರಡು ಸೆಂ.ಮೀ. ಏರು, ಮಾದರಿ ಎಂಜಿನ್ನುಗಳು ಹೆಚ್ಚು ತಕರಾರಿಲ್ಲದೆ ಏರುವ ಮಟ್ಟ ಇದೇ. ಒಂದು ಹಳಿ ಇನ್ನೊಂದರ ಮೇಲೆ ಹಾಯಲು ಎಂಟು ಸೆಂ.ಮೀ. ಎತ್ತರ ಬೇಕೆಂದರೆ ನಾಲ್ಕು ಮೀಟರ್ ಓಟ ಬೇಕು. ಇಡೀ ಘಟ್ಟವನ್ನು ಕಟ್ಟುವ ಆಸೆ ಬಿಟ್ಟುಬಿಡಿ: ಎಚ್‌ಒ, ಅಂದರೆ 87ಕ್ಕೆ 1ರ ಅಳತೆಯಲ್ಲಿ 55 ಕಿ.ಮೀ. 630 ಮೀಟರ್ ದಾಟುತ್ತದೆ. ಎನ್ ಅಳತೆಗೆ (160ಕ್ಕೆ 1) ಇಳಿಸಿದರೂ 340 ಮೀಟರ್. ಒಂದು ಸುರಂಗದ ಬಾಯಿ, ಆಚೆ ಒಂದು ತಿರುವಿನ ಸೇತುವೆ, ಮತ್ತೊಂದು ಸುರಂಗ. ಇಷ್ಟೇ ಆರಿಸಿಕೊಳ್ಳಿ, ಸಾಕು. ಗಾಡಿ ಒಂದು ಕಡೆ ಒಳಹೊಕ್ಕು ಹಿಂದಿನಿಂದ ಸುತ್ತಿ ಬರುವಷ್ಟು ಜಾಗ ಸಣ್ಣ ಕೋಣೆಯಲ್ಲೂ ಸಿಗುತ್ತದೆ.

ಸುಬ್ರಹ್ಮಣ್ಯ ರೋಡ್‌ನಲ್ಲಿ ಕಣ್ಣು ತೆರೆದಿರಲಿ. ಘಟ್ಟ ಹತ್ತುವ ಗೂಡ್ಸ್ ಗಾಡಿಗಳಿಗೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ನುಗಳನ್ನು ಜೋಡಿಸುವುದು ಇಲ್ಲಿ. ಲೇಔಟಿನಲ್ಲಿ ಸುಮ್ಮನೆ ಸುತ್ತು ಹೊಡೆಯುವ ಗಾಡಿಗೆ ಬೇಸತ್ತವರಿಗೆ ಇದು ಒಳ್ಳೆಯ ಆಟ: ಎಂಜಿನ್ ತರುವುದು, ಹಿಂದೆ ಕೂಡಿಸುವುದು, ಮೇಲೆ ಬಿಡಿಸಿ ವಾಪಸ್ ಕಳಿಸುವುದು.

ಈ ಹಳಿಯ ಮೇಲೆ ನಡೆದುಕೊಂಡು ಹೋಗುವ ಚಾರಣ ಒಂದು ಕಾಲದಲ್ಲಿ ಬಹಳ ಜನಪ್ರಿಯವಾಗಿತ್ತು. ಈಗ ಆ ಯೋಚನೆಯೇ ಬೇಡ. ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಮುಖ್ಯ, ಸುರಂಗದೊಳಗೆ ಗಾಡಿ ಬಂದರೆ ಸರಿಯಲು ಜಾಗವಿಲ್ಲ.

ಹಳೆಯ ಮೀಟರ್‌ಗೇಜ್ ಕಾಲವನ್ನು ಕಟ್ಟುವವರಿಗೆ ಒಂದು ಅನುಕೂಲವಿದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಬರುತ್ತದೆ, ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5. ಹಾಗಾಗಿ ಭಾರತದ ಬ್ರಾಡ್‌ಗೇಜ್ ಮಾದರಿಗಳೆಲ್ಲ ಕಾಲು ಕೂಡಿಸಿ ನಿಂತ ಹಾಗೆ ಕಾಣುತ್ತವೆ. ಮೀಟರ್‌ಗೇಜ್‌ಗೆ ಈ ತೊಂದರೆಯಿಲ್ಲ. ಸಾವಿರವನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ, 12 ಮಿ.ಮೀ. ಹಳಿ ತಯಾರಾಗಿಯೇ ಸಿಗುತ್ತದೆ. ಹಾಸನ–ಮಂಗಳೂರು ಮಾರ್ಗ ಗೇಜ್ ಬದಲಾವಣೆಗೆಂದು 1996ರಲ್ಲಿ ಮುಚ್ಚಿತು, 2006ರಲ್ಲಿ ಗೂಡ್ಸ್‌ಗೆ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೆ ತೆರೆಯಿತು. ವೈಡಿಎಂ-4 ಡೀಸೆಲ್ ಎಂಜಿನ್ ಎಳೆದ ಆ ಪುಟ್ಟ ಬೋಗಿಗಳನ್ನು ಕಂಡ ಮಂದಿ ಪುತ್ತೂರು, ಬಂಟ್ವಾಳದ ಕಡೆ ಇನ್ನೂ ಬೇಕಾದಷ್ಟು ಇದ್ದಾರೆ. ಕೇಳಿದರೆ ಬಣ್ಣದ ಸಮೇತ ಹೇಳುತ್ತಾರೆ, ಇಬ್ಬರು ಎರಡು ಬಣ್ಣ ಹೇಳಿದರೂ ಬರೆದುಕೊಳ್ಳಿ.

ಮಂಗಳೂರಿನಲ್ಲಿ ಎರಡು ನಿಲ್ದಾಣ ಎಂಬುದು ನೆನಪಿರಲಿ. ರೂಮು ಮಾಡುವ ಮೊದಲು ನಿಮ್ಮ ಗಾಡಿ ಯಾವುದಕ್ಕೆ ಎಂದು ನೋಡಿಕೊಳ್ಳಿ. ಹಿಂದೆ ಕಂಕನಾಡಿ ಎನ್ನುತ್ತಿದ್ದದ್ದು ಈಗ ಮಂಗಳೂರು ಜಂಕ್ಷನ್. ಕೇರಳದಿಂದ ಗೋವಾ ಕಡೆಗೆ ಹಾದುಹೋಗುವ ಗಾಡಿಗಳೆಲ್ಲ ಇಲ್ಲಿಗೆ. ಸೆಂಟ್ರಲ್ ಊರ ಒಳಗಿದೆ, ಹಂಪನಕಟ್ಟೆಗೆ ಹತ್ತಿರ. ಉಳಿಯಲು ಸೆಂಟ್ರಲ್ ಸುತ್ತಮುತ್ತಲೇ ಅನುಕೂಲ. ಲೇಔಟಿಗೂ ಜಂಕ್ಷನ್ನಿಗಿಂತ ಸೆಂಟ್ರಲೇ ಮೇಲು: ಗಾಡಿಗಳು ಬಂದು ನಿಂತು ಮತ್ತೆ ಅಲ್ಲಿಂದಲೇ ಹೊರಡುವ ನಿಲ್ದಾಣ ಗೋಡೆಗೆ ಹೊಡೆದ ಕಪಾಟಿನ ಹಲಗೆಯ ಮೇಲೂ ಕೂರುತ್ತದೆ.

ನೇತ್ರಾವತಿ ಸೇತುವೆಯನ್ನು ಗಾಡಿಯೊಳಗಿಂದ ನೋಡಿದರೆ ಏನೂ ಸಿಗದು. ಜೆಪ್ಪು ಕಡೆಯ ನದಿದಂಡೆಗೆ ಹೋಗಿ ದೂರದಿಂದ ನೋಡಿ. ಜೋಡಿ ಹಳಿಗಾಗಿ ಆಮೇಲೆ ಕಟ್ಟಿದ ಸೇತುವೆಯೂ ಪಕ್ಕದಲ್ಲೇ ಇರುವುದರಿಂದ ಹಳೆಯ ಕಾಲದ ಕಂಬಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಒಂದೇ ಫೋಟೊದಲ್ಲಿ ಬರುತ್ತದೆ. ಬೆಳಗಿನ ಬೆಳಕು ಒಳ್ಳೆಯದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮೊದಲ ಹೆಂಚಿನ ಕಾರ್ಖಾನೆ ಹಾಕಿದ್ದೂ ಇದೇ ಜೆಪ್ಪುವಿನಲ್ಲಿ. ಮಂಗಳೂರು ಹೆಂಚು ಸುಮಾರು 41 ಸೆಂ.ಮೀ. ಉದ್ದ, ಎಚ್‌ಒದಲ್ಲಿ ಐದು ಮಿ.ಮೀ.ಗೂ ಕಡಿಮೆ. ಹಳೆಯ ಮಾಡುಗಳ ಹೆಂಚಿನ ಸಾಲುಗಳನ್ನು ಎಣಿಸಿಕೊಂಡು ಬನ್ನಿ. ಸಾಲಿನ ಲೆಕ್ಕ ತಪ್ಪಿದರೆ ಮಾಡು ಎಷ್ಟೇ ಚಂದ ಬಣ್ಣ ಹಚ್ಚಿದರೂ ಎಲ್ಲಿಯದೋ ಆಗಿಬಿಡುತ್ತದೆ.

ಉಡುಪಿ ಕಡೆಗೆ ಎಕ್ಸ್‌ಪ್ರೆಸ್ ಬೇಡ. ಬೆಳಿಗ್ಗೆ ಮಡಗಾಂವ್ ಕಡೆಗೆ ಹೋಗುವ ಪ್ಯಾಸೆಂಜರ್ ಹಿಡಿಯಿರಿ. ತೋಕೂರಿನಿಂದಾಚೆ ಕೊಂಕಣ ರೈಲ್ವೆ. ಒಂಟಿ ಹಳಿಯಾದ್ದರಿಂದ ಎದುರು ಗಾಡಿ ಬರುವವರೆಗೆ ಕಾಯಿಸುತ್ತಾರೆ. ಊರಿಗೆ ಹೊರಟವರು ಗೊಣಗುತ್ತಾರೆ, ನಮಗೆ ಅದೇ ಹಬ್ಬ. ಸುರತ್ಕಲ್‌ನಲ್ಲಿ ಲಾರಿಗಳನ್ನೇ ಹೊತ್ತ ರೋ-ರೋ ಗಾಡಿ ಕಂಡರೆ ಬಿಡಬೇಡಿ; ಚಪ್ಪಟೆ ವ್ಯಾಗನ್ನಿನ ಮೇಲೆ ಆಟಿಕೆ ಲಾರಿ ಇಟ್ಟರೆ ಮಾದರಿ ಮುಗಿಯಿತು, ಇಷ್ಟು ಅಗ್ಗದ ಗಾಡಿ ಇನ್ನೊಂದಿಲ್ಲ.

ಉಡುಪಿ ನಿಲ್ದಾಣ ಇಂದ್ರಾಳಿಯಲ್ಲಿದೆ. ನಾವು ಇಳಿದದ್ದು ಮುಂದಿನ ಬಾರ್ಕೂರಿನಲ್ಲಿ, ಸಣ್ಣ ನಿಲ್ದಾಣ ಬೇಕಾಗಿತ್ತು. ಭಾವ ಪ್ಲಾಟ್‌ಫಾರ್ಮಿನ ಗೋಡೆಗೆ ಅಡಿಪಟ್ಟಿ ಒತ್ತಿ ಫೋಟೊ ತೆಗೆಯುತ್ತಿದ್ದರೆ ಬೆಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರು, “ಎಂತ ಮಾರಾಯ್ರೆ, ಸ್ಟೇಶನ್ ದೊಡ್ಡದು ಮಾಡ್ತಾರಾ?” ಅಂತ ಕೇಳಿದರು. “ಇಲ್ಲ, ಸಣ್ಣದು ಮಾಡ್ತೇವೆ” ಅಂದ ಭಾವ. ಅವರು ಬಹಳ ಹೊತ್ತು ನಂಬಲಿಲ್ಲ. ಇಂಥ ಅಳತೆಗೆ ಮೊದಲು ಸ್ಟೇಶನ್ ಮಾಸ್ಟರಿಗೆ ಒಂದು ಮಾತು ಹೇಳಿ, ಫೋನಿನಲ್ಲಿ ನಿಮ್ಮ ಲೇಔಟಿನ ಫೋಟೊ ಇಟ್ಟುಕೊಂಡಿರಿ. ಸಾವಿರ ಮಾತಿನ ವಿವರಣೆ ತಪ್ಪುತ್ತದೆ. ಟಿಕೆಟ್ಟೋ ಪ್ಲಾಟ್‌ಫಾರ್ಮ್ ಟಿಕೆಟ್ಟೋ ಕೈಯಲ್ಲಿರಲಿ. ಅಳತೆಗೆ ಹಳಿಗೆ ಇಳಿಯಬೇಕಿಲ್ಲ. ಪ್ಲಾಟ್‌ಫಾರ್ಮಿನ ತುದಿಯಿಂದ ನೇರವಾಗಿ ಹಿಡಿದ ಫೋಟೊದಲ್ಲಿ ಎರಡು ಹಳಿಗಳ ನಡುವಿನ 1676 ಮಿ.ಮೀ.ಯೇ ಅಳತೆಗೋಲು; ಅಷ್ಟೇ ದೂರದಲ್ಲಿರುವ ಕಂಬ, ಗೋಡೆಗಳ ಲೆಕ್ಕ ಮನೆಯಲ್ಲಿ ಕೂತು ತೆಗೆಯಬಹುದು.

ಮಣ್ಣು ತರುವ ಆಸೆ ಎಲ್ಲರಿಗೂ ಇರುತ್ತದೆ. ರಸ್ತೆ ಬದಿಯ ಕೆಂಪು ಮಣ್ಣು ಒಂದು ಚೀಲ ಸಾಕು. ಒಣಗಿಸಿ, ಜರಡಿ ಹಿಡಿದು, ಆಮೇಲೆ ತಪ್ಪದೆ ಅಯಸ್ಕಾಂತ ಆಡಿಸಿ. ಮುರಕಲ್ಲಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಅಯಸ್ಕಾಂತಕ್ಕೆ ಅಂಟುವ ಕಣ ಉಳಿದರೆ ಎಂಜಿನ್ನಿನ ಮೋಟಾರಿನೊಳಗೆ ಸೇರುತ್ತದೆ.

ಯಾವಾಗ ಹೋಗಬೇಕು? ಕೊಂಕಣ ರೈಲ್ವೆಗೆ ಮಳೆಗಾಲದಲ್ಲಿ ಬೇರೆಯೇ ವೇಳಾಪಟ್ಟಿ, ಗಾಡಿಗಳ ವೇಗವೂ ಕಡಿಮೆ. ಘಟ್ಟದಲ್ಲಿ 2018ರಲ್ಲೂ 2024ರಲ್ಲೂ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಏಪ್ರಿಲ್–ಮೇ ಸೆಕೆಯಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಕೆಲಸ ಮಾಡಲಾಗದು, ಬರೆಯ ಹಸಿರೂ ಒಣಗಿರುತ್ತದೆ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಹೋದರೆ ಗೋಡೆಯ ಪಾಚಿಯೂ ಉಳಿದಿರುತ್ತದೆ, ಬಿಸಿಲೂ ಇರುತ್ತದೆ. ದಸರಾ, ದೀಪಾವಳಿ ರಜೆಯ ವಾರಗಳನ್ನು ಮಾತ್ರ ತಪ್ಪಿಸಿ. ಹಗಲು ಗಾಡಿಯ ಕಿಟಕಿ ಸೀಟು ಆಗ ಸಿಗುವುದು ಕಷ್ಟ.